ಬೀಜಿಂಗ್‌ನ ಮೂರು ಸಂಜೆಗಳು: ಪಾದದ ಮಸಾಜ್, ತುಯಿನಾ, ಬಟ್ಟಲು ಚಿಕಿತ್ಸೆ

ಮುತಿಯಾನ್ಯು ಭಾಗದ ಮಹಾಗೋಡೆಯ ಮೆಟ್ಟಿಲುಗಳನ್ನು ಹತ್ತಿಳಿದ ಮೇಲೆ ನನ್ನ ಮೀನಖಂಡಗಳು ಕಲ್ಲಾಗಿದ್ದವು. ಬೀಜಿಂಗ್‌ನಲ್ಲಿ ಉಳಿದಿದ್ದ ಮೂರು ಸಂಜೆ ಮೂರು ಬಗೆಯ ಚಿಕಿತ್ಸೆಗಳನ್ನು ಮಾಡಿಸಿಕೊಂಡೆ.

ಮೊದಲನೆಯದು ಪಾದದ ಮಸಾಜ್. ಗಿಡಮೂಲಿಕೆ ಬೆರೆಸಿದ ಬಿಸಿನೀರಿನ ಮರದ ತೊಟ್ಟಿಯಲ್ಲಿ ಕಾಲು ನೆನೆಸಿ, ಬಳಿಕ ಬೆರಳ ಗೆಣ್ಣುಗಳಿಂದ ಅಂಗಾಲನ್ನು ಒತ್ತುತ್ತಾರೆ. ಅಂಗಾಲಿನ ಒಂದೊಂದು ಬಿಂದುವಿಗೂ ಒಂದೊಂದು ಅವಯವದ ನಂಟಿದೆ ಎಂದು ಗೋಡೆಯ ನಕ್ಷೆ ಸಾರುತ್ತಿತ್ತು. ಅದನ್ನು ನಾನು ನಂಬಲಿಲ್ಲ. ಆದರೆ ಆ ರಾತ್ರಿ ಸೊಗಸಾಗಿ ನಿದ್ದೆ ಬಂತು.

ಎರಡನೆಯ ಸಂಜೆಯ ತುಯಿನಾ, ಅಂದರೆ ಚೀನಾದ ಸಾಂಪ್ರದಾಯಿಕ ಮಸಾಜ್, ಬೇರೆಯೇ ಮಟ್ಟದ್ದು. ‘ತುಯಿ’ ಎಂದರೆ ತಳ್ಳು, ‘ನಾ’ ಎಂದರೆ ಹಿಡಿ. ಚೀನಾದಲ್ಲಿ 1950ರ ದಶಕದಿಂದ ದೃಷ್ಟಿಹೀನರಿಗೆ ಈ ವಿದ್ಯೆಯಲ್ಲಿ ತರಬೇತಿ ಕೊಡುತ್ತ ಬಂದಿದ್ದು, ಅವರೇ ಕೆಲಸ ಮಾಡುವ ಮಳಿಗೆಗಳು ನಗರಗಳಲ್ಲಿ ಸಾಮಾನ್ಯ. ನಾನು ಹೋದದ್ದೂ ಅಂಥದೊಂದಕ್ಕೆ. ಬಟ್ಟೆ ಕಳಚಬೇಕಿಲ್ಲ, ಎಣ್ಣೆಯೂ ಇಲ್ಲ. ಮೇಲೊಂದು ತೆಳುವಾದ ಬಟ್ಟೆ ಹೊದಿಸಿ, ಅಂಗೈಯ ಹಿಂಬದಿಯನ್ನು ಲಟ್ಟಣಿಗೆಯಂತೆ ಬೆನ್ನುದ್ದಕ್ಕೂ ಉರುಳಿಸಿದ ಆ ಹಿರಿಯರು, ನಾನು ಎಲ್ಲಿ ನೋವೆಂದು ಹೇಳುವ ಮೊದಲೇ ಎಡ ಭುಜದ ಕೆಳಗಿನ ಗಂಟಿನ ಮೇಲೆ ಹೆಬ್ಬೆರಳೂರಿ ನಿಂತರು. ನಮ್ಮ ಅಭ್ಯಂಗದಲ್ಲಿ ಎಣ್ಣೆಯು ಕೈಯನ್ನು ಜಾರಿಸಿಕೊಂಡು ಹೋಗುತ್ತದೆ. ಇಲ್ಲಿ ಒತ್ತಡ ಇಟ್ಟ ಜಾಗದಲ್ಲೇ ಆಳಕ್ಕಿಳಿಯುತ್ತದೆ. ‘ಛಿಂಗ್ ಈದ್ಯೆನ್’, ಅಂದರೆ ‘ಸ್ವಲ್ಪ ಮೆಲ್ಲಗೆ’, ಎಂಬ ಮಾತನ್ನು ಕಲಿತುಕೊಂಡೇ ಹೋಗುವುದು ಒಳ್ಳೆಯದು. ಮರುದಿನ ಬೆಳಿಗ್ಗೆ ಮೈ ತುಸು ನೊಂದಿತ್ತು, ಆದರೆ ಕುತ್ತಿಗೆ ಎರಡೂ ಕಡೆ ಸಲೀಸಾಗಿ ತಿರುಗುತ್ತಿತ್ತು.

ಮೂರನೆಯದಾದ ಬಟ್ಟಲು ಚಿಕಿತ್ಸೆ, ಅಂದರೆ ‘ಬಾ ಗುವಾನ್’, ನೋಡಲು ಚೆಂದ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಗೆ ಬೆಂಕಿ ಹಚ್ಚಿ ಗಾಜಿನ ಬಟ್ಟಲೊಳಗೆ ಕ್ಷಣಮಾತ್ರ ಆಡಿಸಿ, ಥಟ್ಟನೆ ಬೆನ್ನಿಗೆ ಕವುಚುತ್ತಾರೆ. ಒಳಗಿನ ಬಿಸಿಗಾಳಿ ಆರುತ್ತಿದ್ದಂತೆ ಚರ್ಮವು ಇಡ್ಲಿಯಂತೆ ಉಬ್ಬಿ ಮೇಲೇಳುತ್ತದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಭುಜದ ಮೇಲೆ ಕಂಡ ದುಂಡು ಕಲೆಗಳು ಇದರವೇ. ಹತ್ತು ನಿಮಿಷದ ಬಿಗಿತದ ಬಳಿಕ ಹಗುರವೆನಿಸಿತಾದರೂ ಆ ಹಗುರ ಬೆಳಗಿನವರೆಗೂ ಉಳಿಯಲಿಲ್ಲ, ನೇರಳೆ ಕಲೆಗಳು ಮಾತ್ರ ಒಂದು ವಾರ ಉಳಿದವು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಇದರ ಗೋಜಿಗೇ ಹೋಗಬಾರದು.

ಮತ್ತೆ ಹೋದರೆ ಇಳಿದ ದಿನ ಪಾದಕ್ಕೆ, ಉಳಿದೆರಡು ಸಂಜೆ ತುಯಿನಾಕ್ಕೆ ಎಂದು ಮೀಸಲಿಡುವೆ. ಬಟ್ಟಲು ತೆಗೆದಾಕೆ ಎಮ್ಮೆ ಕೊಂಬಿನ ಚಪ್ಪಟೆ ತುಣುಕೊಂದನ್ನು ತೋರಿಸಿ, ಚರ್ಮ ಕೆಂಪೇರುವವರೆಗೂ ಕೆರೆಯುವ ‘ಗುವಾ ಶಾ’ ಕೂಡ ಆಗಲಿ ಎಂದು ಸನ್ನೆ ಮಾಡಿದರು. ಅಷ್ಟರಲ್ಲಿ ಬೆನ್ನಿನ ಮೇಲೆ ಜಾಗ ಉಳಿದಿರಲಿಲ್ಲ.