ಟರ್ಬೊ ಕಾರಿಗೆ ಡ್ರಮ್ ಆಯಿಲಾ, ಸೀಲ್ ಇರುವ ಕ್ಯಾನಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಸೀಲ್ ಇರುವ ಕ್ಯಾನಿನ 5ಡಬ್ಲ್ಯೂ-40 ಫುಲ್ ಸಿಂಥೆಟಿಕ್ ಎಂಜಿನ್ ಆಯಿಲ್‌ಗೆ. (5ಡಬ್ಲ್ಯೂ ಅಂದರೆ ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ, 40 ಅಂದರೆ ಕಾದಾಗ ಎಷ್ಟು ದಪ್ಪ ಉಳಿಯುತ್ತದೆ ಅನ್ನುವ ಅಳತೆ.) ನನ್ನದು ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಚಕ್ರ) ಇರುವ ಸಣ್ಣ ಪೆಟ್ರೋಲ್ ಎಂಜಿನ್. ಮ್ಯಾನುಯಲ್ ಪ್ರಕಾರ 5ಡಬ್ಲ್ಯೂ-30, 5ಡಬ್ಲ್ಯೂ-40 ಎರಡೂ ನಡೆಯುತ್ತವೆ. ನಿಮ್ಮದರಲ್ಲಿ ಬರೀ 0ಡಬ್ಲ್ಯೂ-20 ಅಂತಿದ್ದರೆ ನನ್ನ ಮಾತು ಕೇಳಬೇಡಿ.

ಸರ್ವಿಸ್ ಸೆಂಟರಿನ ಡ್ರಮ್ ಆಯಿಲ್ (ದೊಡ್ಡ ಡ್ರಮ್ಮಿನಿಂದ ಬಿಡಿಯಾಗಿ ಹಾಕುವುದು) ಅಗ್ಗ, ತಲೆನೋವಿಲ್ಲ ಅಂತ ಹಾಕಿಸಿದ್ದೆ. ಬಿಲ್ಲಿನಲ್ಲಿ ಬರೀ 'ಎಂಜಿನ್ ಆಯಿಲ್'. ಯಾವ ಗ್ರೇಡು ಅಂತ ಕೇಳಿದರೆ 'ಕಂಪನಿದೇ ಸಾರ್'. ಅದನ್ನೂ ಸಹಿಸಬಹುದಿತ್ತು. ಮರುದಿನ ಬೆಳಿಗ್ಗೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಒರೆಸಿ, ಅದ್ದಿ, ಎಳೆದು ನೋಡಿದರೆ ಆಯಿಲ್ ಮ್ಯಾಕ್ಸ್ ಗೆರೆಗಿಂತ ಒಂದು ಬೆರಳು ಮೇಲಿದೆ!

ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅನ್ನುವವರಿದ್ದಾರೆ. ಖಂಡಿತ ಅಲ್ಲ. ಮಟ್ಟ ಮೇಲೇರಿದರೆ ಎಂಜಿನ್ನಿನೊಳಗೆ ತಿರುಗುವ ದಂಡ, ಕ್ರ್ಯಾಂಕ್‌ಶಾಫ್ಟ್, ಅದನ್ನು ಮಜ್ಜಿಗೆಯಂತೆ ಕಡೆದು ನೊರೆ ಎಬ್ಬಿಸುತ್ತದೆ. ಟರ್ಬೊ ಶಾಫ್ಟ್ ತಿರುಗುವುದು ನಿಮಿಷಕ್ಕೆ 1 ಲಕ್ಷ ಸುತ್ತಿಗೂ ಮೀರಿದ ವೇಗದಲ್ಲಿ. ಅಲ್ಲಿ ಲೋಹಕ್ಕೆ ಲೋಹ ಉಜ್ಜದಂತೆ ಕಾಯುವುದು ತೆಳ್ಳನೆಯ ಆಯಿಲ್ ಪದರ. ಅದರಲ್ಲಿ ಗಾಳಿ ಸೇರಿದರೆ ಏನು ಉಳಿಯಿತು? ಇನ್ನೊಂದು, ಟರ್ಬೊದಿಂದ ಆಯಿಲ್ ತನ್ನ ಭಾರಕ್ಕೇ ಎಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) ಇಳಿಯಬೇಕು. ಕೆಳಗೆ ತುಂಬಿ ನಿಂತರೆ ಅದು ಸರಿಯಾಗಿ ಇಳಿಯದೆ ಟರ್ಬೊದ ಸೀಲ್ ದಾಟಿ ನುಗ್ಗುತ್ತದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತದೆ.

ವಾಪಸ್ ಹೋದರೆ 'ಸ್ವಲ್ಪ ಜಾಸ್ತಿ ಇದ್ರೆ ಏನೂ ಆಗಲ್ಲ ಸಾರ್' ಎಂದರು. ಜಗಳವಾಡಿದ ಮೇಲೆ ಕೆಳಗಿನ ಬೋಲ್ಟ್ ಸಡಿಲಿಸಿ ಇಳಿಸಿದರು. ಎಷ್ಟು ಇಳಿಸಿದರೆಂದರೆ ಈಗ ಮಿನ್ ಗೆರೆಗಿಂತ ಕೆಳಗೆ. ಮತ್ತೆ ಡ್ರಮ್ ಹತ್ತಿರ ಓಟ. ಅರ್ಧ ದಿನದ ರಜೆ ಅಲ್ಲೇ ಹೋಯಿತು.

ಆಮೇಲಿಂದ ಕ್ಯಾನ್ ನಾನೇ ಒಯ್ದು, ಪರಿಚಯದ ಗ್ಯಾರೇಜಿನಲ್ಲಿ ಎದುರು ನಿಂತು ಹಾಕಿಸುತ್ತೇನೆ. ವಾರಂಟಿ ಇರುವವರು ಮೊದಲು ಅದರ ಷರತ್ತು ಓದಿಕೊಳ್ಳಿ.

5ಡಬ್ಲ್ಯೂ-30 ಕೂಡ ಹಾಕಿ ನೋಡಿದ್ದೇನೆ. ಬೆಳಗಿನ ಸ್ಟಾರ್ಟಿನಲ್ಲಿ ವ್ಯತ್ಯಾಸವಿಲ್ಲ, ಎರಡರಲ್ಲೂ 5ಡಬ್ಲ್ಯೂ ತಾನೇ. ಎಂಜಿನ್ ಚೂರು ಹಗುರ ಅನಿಸಿತು. ಆದರೆ ನನ್ನ ಓಡಾಟ ಬೆಂಗಳೂರು ಟ್ರಾಫಿಕ್ಕು, ರಜೆಯಲ್ಲಿ ಲಗೇಜ್ ತುಂಬಿಕೊಂಡು ಶಿರಾಡಿ ಘಾಟಿ. ಲಾರಿ ಹಿಂದೆ ತೆವಳುತ್ತಾ ಹತ್ತುವಾಗ ಆಯಿಲ್ ಕಾದು ತೆಳ್ಳಗಾಗುತ್ತದೆ. ಆಗ 40ರ ಪದರ ಜಾಸ್ತಿ ದಪ್ಪ ಉಳಿಯುತ್ತದೆ.

ಯಾವುದೇ ಇರಲಿ, ಕ್ಯಾನಿನ ಮೇಲೆ ಎಪಿಐ ಎಸ್‌ಪಿ (ಆಯಿಲ್ ಗುಣಮಟ್ಟದ ಗುರುತು) ಇದೆಯಾ ನೋಡಿ. 2020ರಲ್ಲಿ ಬಂದ ಮಟ್ಟ ಅದು. ಟಾಪ್ ಗೇರಲ್ಲಿ ನಿಧಾನ ಹೋಗುತ್ತಾ ಒಮ್ಮೆಲೇ ಆಕ್ಸಿಲರೇಟರ್ ತುಳಿದರೆ ಸಣ್ಣ ಟರ್ಬೊ ಎಂಜಿನ್‌ಗಳಲ್ಲಿ ಪೆಟ್ರೋಲ್ ಹೊತ್ತಿಗೆ ಮುಂಚೆಯೇ ಉರಿದು ಪಿಸ್ಟನ್‌ಗೆ ಹೊಡೆತ ಬೀಳುವುದುಂಟು. ಆಯಿಲ್ ಅದನ್ನು ತಗ್ಗಿಸುತ್ತದೆಯೇ ಅನ್ನುವ ಪರೀಕ್ಷೆಯೂ ಎಸ್‌ಪಿಯಲ್ಲಿ ಸೇರಿದೆ.

ಕ್ಯಾನಿಗೆ ಸುಮಾರು 3,000 ರೂಪಾಯಿ ಬಿಡುತ್ತದೆ. ವರ್ಷಕ್ಕೊಮ್ಮೆ ಆದ್ದರಿಂದ ನನಗೆ ಭಾರವಲ್ಲ. ಘಾಟಿ, ಲೋಡು ಯಾವುದೂ ಇಲ್ಲದೆ ಹೈವೇಯಲ್ಲಿ ತಣ್ಣಗೆ ಓಡಿಸುವವರಿಗೆ 5ಡಬ್ಲ್ಯೂ-30 ಧಾರಾಳ ಸಾಕು. ಆಯಿಲ್ ಫಿಲ್ಟರ್ ಮಾತ್ರ ಒರಿಜಿನಲ್ ಹಾಕಿಸಿ.