ನೇರಳೆ ಹೂ, ನೇರಳೆ ಕಿರುಬೆರಳು: ಬ್ರಿಟನ್ ಶಾಲೆಗಳ ‘ಪರ್ಪಲ್ ಫಾರ್ ಪೋಲಿಯೊ’ ಹೇಗಿದೆ?

ಬ್ರಿಟನ್ ಮತ್ತು ಐರ್ಲೆಂಡಿನ ರೋಟರಿ ಕ್ಲಬ್‌ಗಳು ನಡೆಸುವ ‘ಪರ್ಪಲ್ ಫಾರ್ ಪೋಲಿಯೊ’ದಲ್ಲಿ ಶಾಲೆಗಳಿಗೆ ಮುಖ್ಯವಾಗಿ ಎರಡು ಕೆಲಸ. ಶರತ್ಕಾಲದಲ್ಲಿ ಮಕ್ಕಳ ಕೈಯಿಂದ ನೇರಳೆ ಕ್ರೋಕಸ್ (ಚಳಿಗಾಲದ ಕೊನೆಗೆ ಅರಳುವ ಪುಟ್ಟ ಹೂ) ಗೆಡ್ಡೆ ನೆಡಿಸುವುದು ಒಂದು. ಡಬ್ಬಿಗೆ ಕಾಸು ಹಾಕಿದ ಮಗುವಿನ ಕಿರುಬೆರಳಿಗೆ ನೇರಳೆ ಬಣ್ಣ ಹಚ್ಚುವುದು ಇನ್ನೊಂದು. ಪೋಲಿಯೊ ಹನಿ ಹಾಕಿಸಿಕೊಂಡ ಮಗುವಿನ ಕಿರುಬೆರಳಿಗೆ ಲಸಿಕೆ ಬೂತ್‌ನಲ್ಲಿ ಹಾಕುವ ನೇರಳೆ ಗುರುತೇ ಹೂವಿನ ಬಣ್ಣಕ್ಕೂ ಬೆರಳಿನ ಬಣ್ಣಕ್ಕೂ ಮೂಲ. ಕೂಡಿದ ಹಣ ರೋಟರಿಯ ಪೋಲಿಯೊ ನಿಧಿಗೆ ಹೋಗುತ್ತದೆ. ರೋಟರಿ ವರ್ಷಕ್ಕೆ ಕೂಡಿಸುವ 5 ಕೋಟಿ ಡಾಲರ್‌ವರೆಗಿನ ಮೊತ್ತಕ್ಕೆ ಗೇಟ್ಸ್ ಫೌಂಡೇಶನ್ ಎರಡರಷ್ಟು ಸೇರಿಸುವ ಒಪ್ಪಂದವಿದೆ, ಅಂದರೆ ಮಗು ತಂದ 1 ಪೌಂಡ್ ನಿಧಿ ಸೇರುವಾಗ 3 ಪೌಂಡ್.

ಕಾರ್ಯಕ್ರಮ ನಿಜಕ್ಕೂ ಚೆನ್ನಾಗಿದೆ, ನಿಮ್ಮ ಮಕ್ಕಳ ಶಾಲೆಯಲ್ಲಿ ಇಲ್ಲದಿದ್ದರೆ ಕೇಳಿ ಶುರುಮಾಡಿಸಿ. ಒಂದು ಕೊರತೆ ಮಾತ್ರ ಪದೇ ಪದೇ ಕಾಣುತ್ತದೆ. ಹೂವಿಗೂ ಲಸಿಕೆಯ ಹನಿಗೂ ಏನು ಸಂಬಂಧ ಅನ್ನುವುದೇ ಮಕ್ಕಳಿಗೆ ತಲುಪುವುದಿಲ್ಲ. ಅದಕ್ಕೆ ಕಾರಣ ದಿನಾಂಕಗಳು. ವಿಶ್ವ ಪೋಲಿಯೊ ದಿನ ಅಕ್ಟೋಬರ್ 24. ಅದು ಎಷ್ಟೋ ಕಡೆ ಹಾಫ್ ಟರ್ಮ್ ರಜೆಯೊಳಗೆ (ಶಾಲಾ ಅವಧಿಯ ನಡುವೆ ಬರುವ ಸಣ್ಣ ರಜೆ) ಅಥವಾ ಅದರ ಅಂಚಿಗೆ ಬೀಳುತ್ತದೆ. ಆ ಹೊತ್ತಿಗೆ ಹೂವೂ ಇರುವುದಿಲ್ಲ, ಮಣ್ಣಿನಡಿ ಗೆಡ್ಡೆ ಅಷ್ಟೇ. ಹೂ ಅರಳುವ ಫೆಬ್ರವರಿ ನಡುವಿನಲ್ಲಿ ಮತ್ತೆ ಹಾಫ್ ಟರ್ಮ್! ಹಾಗಾಗಿ ಬೆರಳಿಗೆ ಬಣ್ಣ ಹಚ್ಚುವ ದಿನವನ್ನು ಅಕ್ಟೋಬರ್ ರಜೆಗೆ ಒಂದು ವಾರ ಮುಂಚೆ ಇಟ್ಟು, ಅದೇ ಬೆಳಿಗ್ಗೆ ಗೆಡ್ಡೆ ನೆಡಿಸಿ. ಬಣ್ಣದ ಬೆರಳಿನಿಂದಲೇ ಮಣ್ಣು ಮುಚ್ಚಿದ ಮಗು ಹೂ ಬಂದಾಗ ಎರಡನ್ನೂ ಸೇರಿಸಿ ನೆನೆಯುತ್ತದೆ. ಹಣ ಎತ್ತುವ ಎರಡನೇ ಸುತ್ತನ್ನು ಫೆಬ್ರವರಿ ರಜೆ ಮುಗಿದ ವಾರಕ್ಕೆ ಇಟ್ಟುಕೊಳ್ಳಬಹುದು.

ಗೆಡ್ಡೆ ಬಂದ ದಿನವೇ ಪೆಟ್ಟಿಗೆ ಬಿಚ್ಚಿ ಒಂದೊಂದನ್ನೂ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಸರಿ, ಮೆತ್ತಗಾಗಿದ್ದರೆ ಬಿಸಾಡಿ. ನೆಡುವವರೆಗೆ ಕಾಗದದ ಚೀಲದಲ್ಲಿ ತಣ್ಣಗಿನ ಒಣ ಜಾಗದಲ್ಲಿರಲಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಸು ಹಿಡಿಯುತ್ತದೆ. ಕೇಸರಿ ಬರುವುದೂ ಕ್ರೋಕಸ್ ಜಾತಿಯ ಹೂವಿನಿಂದಲೇ ಎಂದು ತಿಳಿದವರು ಇದರ ಎಸಳನ್ನೂ ಹಾಲಿಗೆ ಹಾಕಲು ಹೋಗಬೇಡಿ. ಇದು ಬೇರೆ ಪ್ರಭೇದ. ಗೆಡ್ಡೆ ಬಾಯಿಗೆ ಹೋದರೆ ಹೊಟ್ಟೆ ಕೆಡುತ್ತದೆ, ಆದ್ದರಿಂದ ನೆಟ್ಟ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಬೇಕು.

ನೆಡುವ ಆಳ 8ರಿಂದ 10 ಸೆಂಟಿಮೀಟರ್, ಚೂಪು ತುದಿ ಮೇಲಕ್ಕೆ. ಎರಡರ ನಡುವೆ 10 ಸೆಂಟಿಮೀಟರ್ ಬಿಟ್ಟರೆ ಒಂದು ಚದರ ಮೀಟರ್‌ಗೆ 100 ಗೆಡ್ಡೆ ಹಿಡಿಯುತ್ತದೆ. 30 ಮಕ್ಕಳ ತರಗತಿಗೆ ತಲೆಗೆ ಹತ್ತರಂತೆ 300 ಗೆಡ್ಡೆ, 3 ಚದರ ಮೀಟರ್ ಜಾಗ ಸಾಕು. ಹುಲ್ಲುಹಾಸಿನಲ್ಲಾದರೆ ದೊಡ್ಡವರೊಬ್ಬರು ಸಲಿಕೆಯಿಂದ ಹುಲ್ಲಿನ ಪದರವನ್ನು ಕೊಯ್ದು ಎರಡು ಬಾಗಿಲು ತೆರೆದಂತೆ ಮಡಚಿಡಲಿ. ಮಕ್ಕಳು ಅಡಿಯ ಮಣ್ಣು ಸಡಿಲಿಸಿ ಗೆಡ್ಡೆ ಇಟ್ಟ ಮೇಲೆ ಪದರ ಮುಚ್ಚಿ ತುಳಿದರಾಯಿತು. ಪುಟ್ಟ ಮಕ್ಕಳ ಕೈಗೆ ಸಲಿಕೆ ಕೊಟ್ಟರೆ ಕುಳಿ 3 ಸೆಂಟಿಮೀಟರ್‌ಗೇ ನಿಲ್ಲುತ್ತದೆ. ಮರುದಿನ ಬೂದು ಅಳಿಲುಗಳು ಅಷ್ಟನ್ನೂ ಕೆದಕಿ ತೆಗೆದಿರುತ್ತವೆ. ಉದುರಿದ ಸಿಪ್ಪೆಯನ್ನೂ ಗುಡಿಸಿ ತೆಗೆಯಿರಿ, ಅದರ ವಾಸನೆಗೇ ಅವು ಬರುತ್ತವೆ. ಮೇಲೆ ತಂತಿ ಬಲೆ ಹಾಸಿ, ಮೊಳಕೆ ಕಂಡಾಗ ತೆಗೆದರೆ ಇನ್ನೂ ಒಳ್ಳೆಯದು. ನೀರು ನಿಲ್ಲುವ ಜಾಗ ಬೇಡವೇ ಬೇಡ, ಗೆಡ್ಡೆ ಕೊಳೆಯುತ್ತದೆ.

ಎರಡನೇ ವರ್ಷ ಹೂ ಬರಲಿಲ್ಲ ಎಂದು ದೂರುವ ಶಾಲೆಗಳಲ್ಲಿ ತಪ್ಪು ಬಹುಮಟ್ಟಿಗೆ ಹುಲ್ಲು ಕತ್ತರಿಸುವ ಯಂತ್ರದ್ದು. ಹೂ ಬಾಡಿದ ಮೇಲೆ ಎಲೆ ತಾನಾಗಿ ಹಳದಿಯಾಗಲು ಸುಮಾರು ಆರು ವಾರ ಬೇಕು. ಆ ಎಲೆಯೇ ಮುಂದಿನ ವರ್ಷದ ಗೆಡ್ಡೆಗೆ ಊಟ. ಗೂಟ ನೆಟ್ಟು ಹಗ್ಗ ಕಟ್ಟಿ, ಮೈದಾನ ನೋಡಿಕೊಳ್ಳುವವರಿಗೆ ಬಾಯಿಮಾತಿನಲ್ಲಲ್ಲ, ಬರೆದು ಕೊಡಿ. ಮೋಡದ ದಿನ ಕ್ರೋಕಸ್ ಮುಚ್ಚಿಕೊಂಡೇ ಇರುತ್ತದೆ. ಮಕ್ಕಳನ್ನು ನೋಡಲು ಕರೆದೊಯ್ಯುವುದಾದರೆ ಬಿಸಿಲು ನೋಡಿ, ಮಧ್ಯಾಹ್ನದ ಹೊತ್ತಿಗೆ.

ಇನ್ನು ಬೆರಳು. ಲಸಿಕೆ ಬೂತ್‌ಗಳಲ್ಲಿ ಬಳಸುವ ಅಳಿಸದ ಶಾಯಿಯ ಪೆನ್ ಶಾಲೆಗೆ ಬೇಡ. ಚರ್ಮಕ್ಕೆ ಒಗ್ಗುವ, ನೀರಿನಲ್ಲಿ ಹೋಗುವ ಮುಖಬಣ್ಣ ಸಾಕು. ಪ್ರತಿ ಮಗುವಿಗೂ ಬೇರೆ ಹತ್ತಿಕಡ್ಡಿ ಇರಲಿ, ಪೋಷಕರಿಗೆ ಮೊದಲೇ ಚೀಟಿ ಹೋಗಲಿ. ಚರ್ಮದ ತೊಂದರೆ ಇರುವ ಮಗುವಿಗೆ ಕಾಗದದ ಕ್ರೋಕಸ್ ಹೂ ಕೊಡಿ. ಕಾಸು ತರದ ಮಗುವಿನ ಬೆರಳಿಗೂ ಬಣ್ಣ ಹಚ್ಚಬೇಕು, ಇದರಲ್ಲಿ ರಾಜಿಯೇ ಬೇಡ. ಬೂತ್‌ನಲ್ಲಿ ಯಾರ ಮಗುವಿಗೂ ಹನಿಗೆ ದುಡ್ಡು ಕೇಳುವುದಿಲ್ಲ.

ಚಿಲ್ಲರೆಯನ್ನು ಬ್ಯಾಂಕಿನ ಚೀಲಗಳಿಗೇ ತುಂಬಿ: 1 ಪೌಂಡ್ ನಾಣ್ಯ ಚೀಲಕ್ಕೆ 20 ಪೌಂಡ್, 50 ಮತ್ತು 20 ಪೆನ್ಸ್ ತಲಾ 10 ಪೌಂಡ್, 10 ಮತ್ತು 5 ಪೆನ್ಸ್ ತಲಾ 5 ಪೌಂಡ್, ತಾಮ್ರದ ಪೆನ್ನಿ 1 ಪೌಂಡ್. ಬೆರಕೆ ಚೀಲವನ್ನು ಕೌಂಟರ್‌ನಲ್ಲಿ ತೆಗೆದುಕೊಳ್ಳುವುದಿಲ್ಲ. ಎಣಿಸಲು ಇಬ್ಬರಿರಲಿ. ತೆರಿಗೆ ಕಟ್ಟುವ ಪೋಷಕರು ಹೆಸರು, ವಿಳಾಸ ಬರೆದು ಗಿಫ್ಟ್ ಏಡ್ ಘೋಷಣೆಗೆ ಸಹಿ ಹಾಕಿದರೆ ಪ್ರತಿ ಪೌಂಡಿಗೂ 25 ಪೆನ್ಸ್ ಸರ್ಕಾರದಿಂದ ಬರುತ್ತದೆ. ಈ ಹಾಳೆ ಚೀಟಿಯ ಜೊತೆಗೇ ಮನೆಗೆ ಹೋಗಬೇಕು, ಆಮೇಲೆ ಕೇಳಿದರೆ ಯಾರೂ ತುಂಬಿ ಕೊಡುವುದಿಲ್ಲ.

ಎಲ್ಲಕ್ಕಿಂತ ಸೊರಗಿರುವುದು ಈ ಬಗ್ಗೆ ಶಾಲೆಯ ಸಭೆಯಲ್ಲಿ (ಅಸೆಂಬ್ಲಿ) ಮಕ್ಕಳಿಗೆ ಹೇಳುವ ಮಾತು. ಊರುಗೋಲು ಹಿಡಿದ ಮಗುವಿನ ಚಿತ್ರ ತೋರಿಸಿ ಕನಿಕರ ಹುಟ್ಟಿಸಿ ಮುಗಿಸುವ ಅಭ್ಯಾಸ ಬಿಡಬೇಕು. ಕರ್ನಾಟಕದಲ್ಲಿ ಬೆಳೆದ ಅಪ್ಪ ಅಮ್ಮಂದಿರು, ಬೇಸಿಗೆಗೆಂದು ಬಂದಿರುವ ಅಜ್ಜಿ ತಾತಂದಿರು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತಾರೆ. 1995ರಲ್ಲಿ ಶುರುವಾದ ಪಲ್ಸ್ ಪೋಲಿಯೊ ಭಾನುವಾರಗಳನ್ನು ಅವರು ಕಣ್ಣಾರೆ ಕಂಡವರು: ಎರಡು ಹನಿ, ಎಡಗೈ ಕಿರುಬೆರಳಿಗೆ ಗುರುತು, ಮುಂದಿನ ದಿನಗಳಲ್ಲಿ ಮನೆಮನೆಗೆ ಬಂದು ಬೆರಳು ನೋಡುವ ತಂಡ, ಗೋಡೆಯ ಮೇಲೆ ಸೀಮೆಸುಣ್ಣದ ಬರಹ. ಲಸಿಕೆ ಬಾಟಲಿಯ ಮೇಲಿನ ಗುರುತನ್ನು ಮಕ್ಕಳಿಂದ ಬರೆಸಿ. ವೃತ್ತದೊಳಗೆ ಒಂದು ಚೌಕ; ಚೌಕದ ಬಣ್ಣ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಬಳಸಬಹುದು, ಸಮವಾದರೆ ಅಥವಾ ಕಪ್ಪೇರಿದರೆ ಶಾಖ ತಗುಲಿ ಕೆಟ್ಟಿದೆ. ಏಳು ವರ್ಷದ ಮಗುವಿಗೂ ಇದು ಒಂದೇ ಸಲಕ್ಕೆ ತಿಳಿಯುತ್ತದೆ. ಹನಿಯನ್ನು ತಣ್ಣಗೆ ಇಟ್ಟುಕೊಂಡೇ ಊರೂರಿಗೆ ಒಯ್ಯಲು ದುಡ್ಡು ಏಕೆ ಬೇಕು ಎನ್ನುವುದೂ ಜೊತೆಗೇ ತಿಳಿಯುತ್ತದೆ.

‘ಇಂಡಿಯಾದಲ್ಲಿ ಹೋಯಿತಲ್ಲ, ಇನ್ನೇಕೆ?’ ಎಂದು ಮಕ್ಕಳು ಕೇಳುತ್ತಾರೆ, ಉತ್ತರ ಸಿದ್ಧವಿರಲಿ. ಭಾರತದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ಭಾರತವೂ ಸೇರಿದ ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ವಲಯಕ್ಕೆ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಆದರೆ ಕಾಡು ವೈರಸ್ (ಲಸಿಕೆಯಿಂದ ಬಂದದ್ದಲ್ಲದ, ಸಹಜ ಪೋಲಿಯೊ ವೈರಸ್) ಪಾಕಿಸ್ತಾನ, ಅಫ್ಘಾನಿಸ್ತಾನಗಳಿಂದ ಇನ್ನೂ ಹೋಗಿಲ್ಲ. 2022ರಲ್ಲಿ ಲಂಡನ್ನಿನ ಚರಂಡಿ ನೀರಿನಲ್ಲೇ ಲಸಿಕೆ ಮೂಲದ (ಹನಿಯಲ್ಲಿನ ದುರ್ಬಲ ವೈರಸ್ ಹರಡುತ್ತಾ ಬದಲಾಗಿ ಬಂದ) ಪೋಲಿಯೊ ವೈರಸ್ ಸಿಕ್ಕಿ, ನಗರದ 1ರಿಂದ 9 ವರ್ಷದ ಮಕ್ಕಳಿಗೆಲ್ಲ ಹೆಚ್ಚುವರಿ ಲಸಿಕೆ ಕೊಡಬೇಕಾಯಿತು.

ಬೇಕೆನಿಸಿದರೆ ಬೇಸಿಗೆ ರಜೆಗೆ ಮುಂಚೆಯೇ ನಿಮ್ಮೂರಿನ ರೋಟರಿ ಕ್ಲಬ್ಬನ್ನು ಕೇಳಿ. ಜಾಗ ಎಷ್ಟು ಚದರ ಮೀಟರ್, ನೆಡುವ ಮಕ್ಕಳೆಷ್ಟು ಎಂದು ಮೊದಲೇ ಲೆಕ್ಕ ಹಾಕಿಕೊಂಡು ಹೋದರೆ ಎಷ್ಟು ಗೆಡ್ಡೆ ಬೇಕೆಂದು ಅವರಿಗೂ ಅಲ್ಲೇ ಗೊತ್ತಾಗುತ್ತದೆ.