ಹಳೇ ಸ್ಕೋರ್‌ಬುಕ್ಕು, ಗಾಜಿಗಂಟಿದ ಫೋಟೋ: ದುರ್ಗಿಗುಡಿಯ ಒಂದು ಅಂಗಡಿಯ ಕೆಲಸ ಹೇಗಿದೆ?

ಐವತ್ತು ವರ್ಷ ತುಂಬಿದ ಕ್ರಿಕೆಟ್ ಕ್ಲಬ್ಬುಗಳಿಗೆಲ್ಲ ಈಗ ಸ್ಮರಣ ಸಂಚಿಕೆಯ ಹುಕಿ. ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯಿಂದ ಸ್ಕೋರ್‌ಬುಕ್ಕು, ಆಲ್ಬಮ್ಮು, ಷೀಲ್ಡಿನ ಫೋಟೋಗಳು ಕೈಚೀಲ ಸೇರಿ ಬಸ್ಸು ಹತ್ತಿದರೆ ಇಳಿಯುವುದು ಶಿವಮೊಗ್ಗದಲ್ಲೇ. ದುರ್ಗಿಗುಡಿಯ ಒಂದು ಸ್ಕ್ಯಾನಿಂಗ್, ಡಿಟಿಪಿ, ಪ್ರಿಂಟಿಂಗ್ ಅಂಗಡಿಯ ಕೆಲಸದ ಬಗ್ಗೆ ಈ ಬರಹ. ದೂರುಗಳೂ ಇರುವುದರಿಂದ ಹೆಸರು ಬೇಡ. ಸ್ಕ್ಯಾನಿಂಗನ್ನು ಅಲ್ಲಿ ಕಣ್ಣು ಮುಚ್ಚಿ ಕೊಡಬಹುದು. ಕನ್ನಡ ಪುಟ ಕಟ್ಟಿಸುವಾಗ ಮಾತ್ರ ಕಣ್ಣು ಬಿಟ್ಟುಕೊಂಡೇ ಕೂರಬೇಕು.

ಅಂಗಡಿಯಲ್ಲಿರುವುದು ಸಿಸಿಡಿ ಸೆನ್ಸರಿನ ದಪ್ಪ ಫ್ಲ್ಯಾಟ್‌ಬೆಡ್ ಸ್ಕ್ಯಾನರ್. ಇದು ಸಣ್ಣ ವಿಷಯವಲ್ಲ. ಜೆರಾಕ್ಸ್ ಅಂಗಡಿಗಳ ತೆಳ್ಳನೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಸಿಐಎಸ್ ಸೆನ್ಸರ್ ಇರುತ್ತದೆ. ಕಾಗದ ಅದರ ಗಾಜಿಗೆ ಒತ್ತಿ ಕೂತರಷ್ಟೇ ಚಿತ್ರ ಸ್ಪಷ್ಟ. ಒಂದೆರಡು ಮಿಲಿಮೀಟರ್ ಮೇಲೆದ್ದರೆ ಮಸುಕು. ಮಲೆನಾಡಿನ ಗ್ರೂಪ್ ಫೋಟೋ ಎಂದರೆ ವರ್ಷಗಟ್ಟಲೆ ಗೋಡೆಯ ಥಂಡಿ ಕುಡಿದು, ಮೇಲಿನ ಜೆಲಟಿನ್ ಪದರ ಮೆತ್ತಗಾಗಿ ಫ್ರೇಮಿನ ಗಾಜಿಗೇ ಅಂಟಿಕೊಂಡ ಫೋಟೋ. ಕಿತ್ತರೆ ಕ್ಯಾಪ್ಟನ್ನಿನ ಮುಖ ಗಾಜಿನಲ್ಲಿ ಉಳಿಯುತ್ತದೆ, ಪ್ಯಾಡು ಮಾತ್ರ ಕಾಗದದಲ್ಲಿ. ಇವರು ಕೀಳುವುದಿಲ್ಲ. ಚೌಕಟ್ಟು ಬಿಚ್ಚಿ, ಗಾಜಿನ ಹೊರಮೈ ಒರೆಸಿ, ಗಾಜಿನ ಸಮೇತ ಮಲಗಿಸಿ ಸ್ಕ್ಯಾನ್ ಮಾಡುತ್ತಾರೆ. ಗಾಜು ಎರಡು-ಮೂರು ಮಿಲಿಮೀಟರ್ ದಪ್ಪವಿದ್ದರೂ ಸಿಸಿಡಿಗೆ ಮುಖಗಳು ಸಿಗುತ್ತವೆ.

ಎಷ್ಟು ಡಿಪಿಐ (ಇಂಚಿಗೆ ಎಷ್ಟು ಬಿಂದು) ಎಂದು ನೀವೇ ಹೇಳಬೇಕು, ಇಲ್ಲದಿದ್ದರೆ 300ಕ್ಕೆ ಮುಗಿಸುತ್ತಾರೆ. 4×6 ಇಂಚಿನ ಫೋಟೋಗೆ 600 ಕೇಳಿ. ಆಗ 2400×3600 ಪಿಕ್ಸೆಲ್ ಸಿಗುತ್ತದೆ, 8×12 ಇಂಚಿಗೆ ಹಿಗ್ಗಿಸಿ ಮುದ್ರಿಸಿದರೂ 300 ಉಳಿಯುತ್ತದೆ. ಹದಿನೈದು ತಲೆ ಇರುವ ಪೋಸ್ಟ್‌ಕಾರ್ಡ್ ಗಾತ್ರದ ಚಿತ್ರಕ್ಕೆ 1200. ಫೈಲ್ ಚಿತ್ರದ ಗುಣ ಕಳೆಯದ ಟಿಫ್ ಆಗಿರಲಿ. 600ರಲ್ಲಿ 4×6ಕ್ಕೆ ಸುಮಾರು 26 ಎಂಬಿ ಆಗುತ್ತದೆ, ಆಗಲಿ. ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿಬಿಡುವ ಚಾಳಿ ಅಂಗಡಿಯ ಹುಡುಗರಿಗಿದೆ. ಅದು ಪಿಕ್ಸೆಲ್ ಹಿಂಡಿಬಿಡುತ್ತದೆ. ಪೆನ್‌ಡ್ರೈವ್ ಒಯ್ಯಿರಿ.

ಬೂಷ್ಟು ಹಿಡಿದ ಆಲ್ಬಮ್ಮನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತರುವವರಿದ್ದಾರೆ, ದಯವಿಟ್ಟು ಬೇಡ. ಬೂಷ್ಟು ತಿನ್ನುವುದು ಜೆಲಟಿನ್ನನ್ನೇ. ಅದು ಹತ್ತಿದ ಕಡೆ ಪದರ ನೀರಿಗೆ ಕರಗುವಷ್ಟು ಸಡಿಲವಾಗಿರುತ್ತದೆ, ಒರೆಸಿದರೆ ಚಿತ್ರವೇ ಬಟ್ಟೆಗೆ ಬರುತ್ತದೆ. ನೆರಳಲ್ಲಿ, ಫ್ಯಾನಿನ ಗಾಳಿಗೆ ಎರಡು ದಿನ ಹರವಿಟ್ಟು, ಒಣಗಿದ ಪುಡಿಯನ್ನು ಮೆದು ಕುಂಚದಿಂದ ಹೊರಗೆ ನಿಂತು ಕೊಡವಿದರೆ ಸಾಕು. ಇನ್ನು ಪತ್ರಿಕೆಯ ಕತ್ತರಿಕೆಗಳು. ಭದ್ರಾವತಿಯ ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ತಮ್ಮ ಮೊದಲ ಟೆಸ್ಟಿನಲ್ಲೇ 137 ಹೊಡೆದ ಸುದ್ದಿಯನ್ನು ಜೋಪಾನ ಮಾಡದ ಆಲ್ಬಮ್ ಈ ಜಿಲ್ಲೆಯಲ್ಲಿ ಇದ್ದೀತೇ? ಅಂಥದ್ದನ್ನು ‘ಲ್ಯಾಮಿನೇಷನ್ ಮಾಡಿ ಕೊಡ್ಲಾ’ ಎಂದು ಕೌಂಟರಿನಲ್ಲಿ ಕೇಳುತ್ತಾರೆ. ಬೇಡವೆನ್ನಿ. ಬಿಸಿಗೆ ಕರಗಿ ಹಿಡಿದ ಅಂಟನ್ನು ಮತ್ತೆ ಬಿಡಿಸಲಾಗದು, ನ್ಯೂಸ್‌ಪ್ರಿಂಟಿನ ಆಮ್ಲ ಒಳಗೇ ಉಳಿದು ಕಾಗದ ಕಂದುತ್ತಲೇ ಹೋಗುತ್ತದೆ.

ಅಂಗಡಿಯ ನಿಜವಾದ ಹೆಚ್ಚುಗಾರಿಕೆ ಸ್ಕೋರ್‌ಬುಕ್ಕಿನಲ್ಲಿದೆ. ಬೆನ್ನು ಕತ್ತರಿಸಿ ಹಾಳೆ ಬಿಡಿಸುವುದಿಲ್ಲ. ಪುಸ್ತಕ ತೆರೆದಿಟ್ಟು, ಎರಡೂ ಬದಿಯಿಂದ 45 ಡಿಗ್ರಿ ಓರೆಯಲ್ಲಿ ದೀಪ ಹಾಕಿ, ಸ್ಟ್ಯಾಂಡಿನ ಮೇಲಿನ ಕ್ಯಾಮೆರಾದಿಂದ ತೆಗೆಯುತ್ತಾರೆ. ಬಣ್ಣದಲ್ಲೇ ತೆಗೆಯಲು ಹೇಳಿ. ಮೊಬೈಲಿನ ಸ್ಕ್ಯಾನ್ ಆ್ಯಪ್‌ಗಳು ಹಿನ್ನೆಲೆ ಬೆಳ್ಳಗೆ ಮಾಡುವ ಭರದಲ್ಲಿ ಪೆನ್ಸಿಲ್ಲಿನ ಚುಕ್ಕಿಗಳನ್ನು ಧೂಳೆಂದು ಅಳಿಸಿಬಿಡುತ್ತವೆ. ಸ್ಕೋರರ್‌ಗೆ ಚುಕ್ಕಿ ಎಂದರೆ ರನ್ ಇಲ್ಲದ ಒಂದು ಎಸೆತ. ‘ಚುಕ್ಕಿ, ಒಂದು, ಚುಕ್ಕಿ, ಚುಕ್ಕಿ, ನಾಲ್ಕು, ಚುಕ್ಕಿ’ ಎಂಬ ಓವರು ಬರೀ ‘ಒಂದು, ನಾಲ್ಕು’ ಆಗುತ್ತದೆ. ಮೊತ್ತ ಐದೇ, ಲೆಕ್ಕವೂ ಸರಿ. ಆದರೆ ಎರಡು ಚುಕ್ಕಿ ಆಡಿ ಓವರಿನ ಐದನೇ ಎಸೆತಕ್ಕೆ ಬೌಂಡರಿ ಹೊಡೆದನೋ ಬಂದ ಮೊದಲ ಎಸೆತಕ್ಕೇ ಬಾರಿಸಿದನೋ ತಿಳಿಯದು. ಆರು ಚುಕ್ಕಿ ಕೂಡಿಸಿ ‘ಎಂ’ ಎಳೆದ ಮೇಡನ್ ಓವರಿನಲ್ಲಿ ಸೊಟ್ಟ ಗೆರೆ ಉಳಿದರೆ ಪುಣ್ಯ.

ದಾಖಲೆ ಉಳಿಯುವ ವಿಷಯದಲ್ಲಿ ವೇಲ್ಸ್‌ನ ಬೇಸ್‌ಬಾಲ್ ಕ್ಲಬ್ಬುಗಳು ಪುಣ್ಯವಂತರು. ಅಮೆರಿಕದವರ ಬೇಸ್‌ಬಾಲ್ ಅಲ್ಲ ಅದು. ಮುಖ್ಯವಾಗಿ ಕಾರ್ಡಿಫ್, ನ್ಯೂಪೋರ್ಟ್, ಲಿವರ್‌ಪೂಲ್‌ಗಳಲ್ಲಿ ಬೇರು ಬಿಟ್ಟ ಆಟ. ತಂಡಕ್ಕೆ ಹನ್ನೊಂದು ಜನ, ಎರಡೆರಡು ಇನಿಂಗ್ಸ್, ಅಂಡರ್‌ಆರ್ಮ್ ಬೌಲಿಂಗ್, ಒಂದು ಬದಿ ಚಪ್ಪಟೆಯಾದ ಬ್ಯಾಟು. 1892ರಲ್ಲಿ ರೌಂಡರ್ಸ್ ಎಂಬ ಹೆಸರು ಬಿಟ್ಟು ಬೇಸ್‌ಬಾಲ್ ಎಂದುಕೊಂಡರು. 1908ರಲ್ಲಿ ಕಾರ್ಡಿಫ್‌ನ ರೋತ್‌ನಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಪಂದ್ಯದಲ್ಲಿ ವೇಲ್ಸ್ ಇಂಗ್ಲೆಂಡನ್ನು 122-118ರಿಂದ ಸೋಲಿಸಿತು. ಅಲ್ಲೊಂದು ಕ್ಲಬ್ಬಿನ ಕಪಾಟು ಹಾಳಾದರೂ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯ 1919ರವರೆಗಿನ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಉಚಿತವಾಗಿ ತೆರೆದಿಟ್ಟಿದೆ, ಹುಡುಕಬಹುದು. ಕೋಣಂದೂರು, ರಿಪ್ಪನ್‌ಪೇಟೆ ಕಡೆಯ ಮ್ಯಾಟಿಂಗ್ ಪಿಚ್ಚಿನ ಫೈನಲ್ಲುಗಳಿಗೆ ಎರಡನೇ ಪ್ರತಿ ಎಲ್ಲಿದೆ? ಪೆನ್ಸಿಲ್ಲಿನ ಚುಕ್ಕಿಯೇ ಗತಿ.

ಈಗ ದೂರು. ಪುಟ ಕಟ್ಟುವವರು ಇನ್ನೂ ಹಳೇ ಪೇಜ್‌ಮೇಕರ್, ಯೂನಿಕೋಡಿಗಿಂತ ಹಿಂದಿನ ನುಡಿ ಫಾಂಟುಗಳಲ್ಲೇ ಇದ್ದಾರೆ. ನೀವು ಯೂನಿಕೋಡಿನಲ್ಲಿ (ಮೊಬೈಲು, ಜಾಲತಾಣಗಳ ಅಕ್ಷರ ಪದ್ಧತಿಯಲ್ಲಿ) ಕೊಟ್ಟ ಲೇಖನ ಪರಿವರ್ತಕದಲ್ಲಿ ಹಾದು ಬರುವಾಗ ಒತ್ತಕ್ಷರ ಬಿಡಿಸಿಡುವ ಕಾಣದ ಅಕ್ಷರ ಉದುರಿಹೋಗುತ್ತದೆ. ‘ಕ್ಲಬ್‌ನ’ ಎಂಬುದು ‘ಕ್ಲಬ್ನ’, ‘ಮ್ಯಾಚ್‌ನಲ್ಲಿ’ ಎಂಬುದು ‘ಮ್ಯಾಚ್ನಲ್ಲಿ’. ‘ಸ್ಪೋರ್ಟ್ಸ್’ ಪದದ ಒತ್ತುಗಳಂತೂ ಒಂದೊಂದು ಪುಟದಲ್ಲಿ ಒಂದೊಂದು ಅವತಾರ. ಪ್ರೂಫ್ ನೋಡಿ ತಿದ್ದಿಸಿದ ಮೇಲೂ ಶೀರ್ಷಿಕೆಗಳಲ್ಲಿ ತಪ್ಪು ಉಳಿಯುತ್ತದೆ, ಏಕೆಂದರೆ ಅವನ್ನು ಕೋರೆಲ್‌ಡ್ರಾ ಎಂಬ ಇನ್ನೊಂದು ತಂತ್ರಾಂಶದಲ್ಲಿ ಬೇರೆಯಾಗಿ ಹೊಡೆದಿರುತ್ತಾರೆ. ಆಟಗಾರರ ಇನಿಷಿಯಲ್‌ಗಳನ್ನು ಗಟ್ಟಿಯಾಗಿ ಓದಿಸಿ ಇನ್ನೊಬ್ಬರು ಟಿಕ್ ಹಾಕಿ. ಯೂನಿಕೋಡಿನಲ್ಲೇ ಪುಟ ಕಟ್ಟುವವರು ಬೇರೆ ಕಡೆ ಸಿಕ್ಕರೆ ಪಿಡಿಎಫ್ ಮಾಡಿಸಿ ತಂದು ಇಲ್ಲಿ ಮುದ್ರಣವಷ್ಟೇ ಮಾಡಿಸುವುದು ವಾಸಿ.

ಮುದ್ರಣ ಪರವಾಗಿಲ್ಲ. ಮುನ್ನೂರು ಪ್ರತಿಯೊಳಗೆ ಡಿಜಿಟಲ್, ಮೇಲಾದರೆ ಆಫ್‌ಸೆಟ್ ಕೇಳಿ. ಪಿನ್ ಹೊಡೆಯುವ ಬೈಂಡಿಂಗಿಗೆ ಪುಟಗಳು ನಾಲ್ಕರ ಮಗ್ಗಿಯಲ್ಲಿರಬೇಕು. 64 ದಾಟಿದರೆ ಮಧ್ಯದ ಹಾಳೆಗಳು ಹೊರಗೆ ತಳ್ಳಿಕೊಂಡು ಅಂಚು ಕತ್ತರಿಸುವಾಗ ಫೋಟೋದ ತುದಿಯೂ ಹೋಗುತ್ತದೆ. ಅವರು ಎಲ್ಲಕ್ಕೂ ಹೇಳುವ ಹೊಳಪಿನ ಆರ್ಟ್ ಪೇಪರ್ ಘಟ್ಟದ ಮೇಲಿನ ಮನೆಗಳಿಗಲ್ಲ: ಒದ್ದೆಯಾದರೆ ಹಾಳೆಗಳ ಲೇಪನ ಒಂದಕ್ಕೊಂದು ಅಂಟಿ ಇಟ್ಟಿಗೆಯಾಗುತ್ತದೆ. ಫೋಟೋಗಳಿಗೆ 16 ಪುಟ ಆರ್ಟ್ ಪೇಪರ್ ಇಟ್ಟು ಉಳಿದದ್ದಕ್ಕೆ 90 ಜಿಎಸ್‌ಎಂ (ಚದರ ಮೀಟರಿಗೆ 90 ಗ್ರಾಂ) ತೂಕದ, ಲೇಪನವಿಲ್ಲದ ಮ್ಯಾಪ್ಲಿಥೋ ಕಾಗದ ಹಾಕಿಸಿ. ರಕ್ಷಾಪುಟದ ಒಂದೇ ಬದಿಗೆ ಪ್ಲಾಸ್ಟಿಕ್ ಫಿಲ್ಮ್ ಹಚ್ಚಿದರೆ ಒಳಬದಿ ತೇವ ಹೀರಿ ಹಿಗ್ಗುತ್ತದೆ, ಫಿಲ್ಮ್ ಹಿಗ್ಗುವುದಿಲ್ಲ, ಪುಸ್ತಕ ಆಷಾಢದಲ್ಲಿ ಹಪ್ಪಳದಂತೆ ಹೊರಕ್ಕೆ ಸುರುಳುತ್ತದೆ. 300 ಜಿಎಸ್‌ಎಂ ಬೋರ್ಡಿಗೆ ವಾರ್ನಿಷ್ ಮಾತ್ರ ಸಾಕು.

ಕೊಟ್ಟ ವಸ್ತುಗಳಿಗೆ ಅಂಗಡಿಯವರು ಚೀಟಿ ಬರೆದುಕೊಡುವುದಿಲ್ಲ. ಪ್ರತಿ ಫೋಟೋದ ಹಿಂದೆ ಮೃದು ಪೆನ್ಸಿಲ್ಲಿನಲ್ಲಿ ನಂಬರು ಹಾಕಿ (ಬಾಲ್‌ಪೆನ್ನಿನ ಒತ್ತು ಮುಂದೆ ಮೂಡುತ್ತದೆ), ಪಟ್ಟಿಯ ಎರಡು ಪ್ರತಿ ಮಾಡಿ ಒಂದಕ್ಕೆ ಸಹಿ ಹಾಕಿಸಿಕೊಳ್ಳಿ. ಫೆಬ್ರವರಿ, ಮಾರ್ಚಿನಲ್ಲಿ ಒಯ್ದರೆ ಒಳ್ಳೆಯದು. ಏಪ್ರಿಲ್ ಬಂತೆಂದರೆ ಮದುವೆ ಕರೆಯೋಲೆಗಳ ಸಾಲಿನ ಹಿಂದೆ ನಿಮ್ಮ ಸ್ಕೋರ್‌ಬುಕ್ ಕಾಯುತ್ತದೆ.